ರೇವಣ ಮುಚ್ಚಿದ ತೂತು

ಶರಣಸಿರಸಗಿ ರಸ್ತೆಯಲ್ಲಿ ರೇವಣನ ತಗಡಿನ ಶೆಡ್ಡಿದೆ. ಸ್ಕೂಟರು ಕೊಟ್ಟರೆ ಮೂರು ದಿನ ಮುಟ್ಟುವುದಿಲ್ಲ. ನಾಲ್ಕನೆಯ ದಿನ ಹೋಗಿ ಕೂಗಾಡಿದರೆ ಚಹಾ ತರಿಸುತ್ತಾನೆ. ಆರು ವರ್ಷದಿಂದ ನಾನು ಕೂಗಾಡುತ್ತಲೇ ಇದ್ದೇನೆ, ಬೇರೆ ಮೆಕ್ಯಾನಿಕ್ಕನ ಹತ್ತಿರ ಮಾತ್ರ ಹೋಗಿಲ್ಲ. ಅವನಿಗೆ ನಿಜವಾದ ಪ್ರೀತಿ ಒಂದೇ ಕೆಲಸದ ಮೇಲೆ: ಎಂಜಿನ್ ಕೆಟ್ಟು ಗುಜರಿ ಸೇರಿದ ಮಣ್ಣಿನ ರೇಸಿನ ದೊಡ್ಡ ಮೋಟೋಕ್ರಾಸ್ ಬೈಕಿನ ಫ್ರೇಮಿನೊಳಗೆ ನಮ್ಮ ಹಾಲಿನವರು ಓಡಿಸುವಂಥ ಸಣ್ಣ ಬೈಕಿನ ಎಂಜಿನ್ ಕೂರಿಸುವುದು. ರಟ್ಟು ಕತ್ತರಿಸಿ ಅಳತೆ ಹಿಡಿಯುತ್ತಾನೆ, ಚೈನು ನೇರ ಬಂತೋ ಇಲ್ಲವೋ ಎಂದು ನೂಲು ಕಟ್ಟಿ ಒಂದು ಕಣ್ಣು ಮುಚ್ಚಿ ನೋಡುತ್ತಾನೆ. ಹೊಲದ ದಾರಿಗೆ ಅಷ್ಟು ಗಾಡಿ ಸಾಕು, ಬಿಡಿಭಾಗಗಳೂ ಎಲ್ಲೆಡೆ ಸಿಗುತ್ತವೆ. ಆದರೆ ಎಂಜಿನ್ ಕೂತ ಮೇಲೂ ಸುತ್ತ ಒಂದು ಮಗು ಕೂರುವಷ್ಟು ಜಾಗ ಖಾಲಿ ಉಳಿಯುತ್ತದೆ. ಆ ಖಾಲಿ ಜಾಗ ನನಗೆ ಎಂದೂ ಸೇರಿದ್ದಿಲ್ಲ.

ಕಮಲಾಪುರದ ದೌಲಪ್ಪನ ಮಗ ವಿವೇಕಾನಂದ ಅಂಥದೊಂದು ಫ್ರೇಮನ್ನು ಪುಣೆಯಿಂದ ತರಿಸಿ ಇವನಿಗೆ ಕೊಟ್ಟುಹೋಗಿದ್ದ. ಎಂಜಿನ್ ಕೂರುವ ಮೊದಲೇ ಐದು ದಿನದ ಜ್ವರದಲ್ಲಿ ತೀರಿಕೊಂಡ. ಇಪ್ಪತ್ತಾರು ವರ್ಷ ವಯಸ್ಸು. ರೇವಣ ಫ್ರೇಮಿಗೆ ಗೋಣಿಚೀಲ ಮುಚ್ಚಿ ಮೂಲೆಗೆ ನಿಲ್ಲಿಸಿದ. ಎರಡು ತಿಂಗಳ ಮೇಲೆ ದೌಲಪ್ಪ ಬಂದು, "ಅವ ಹ್ಯಾಂಗ ಹೇಳಿದ್ನೋ ಹಾಂಗೇ ಮಾಡಿ ಮುಗಿಸು. ನಮ್ಮ ಅಂಜನಾಗ ತ್ವಾಟಕ್ಕ ಬುತ್ತಿ ಒಯ್ಯಾಕ ಆಗ್ತದ" ಎಂದ. ಅಂಜನಾ ವಿವೇಕಾನಂದನ ತಂಗಿ. ರೇವಣ ಮಾಡಿಕೊಟ್ಟ.

ಮಳೆಗಾಲ ಕಳೆದ ಮೇಲೆ ಅಂಜನಾ ಅದೇ ಗಾಡಿಯನ್ನು ಟಂಟಂ ಆಟೋದಲ್ಲಿ ಹೇರಿಕೊಂಡು ಶೆಡ್ಡಿಗೆ ಬಂದಳು. ನಾನು ಕೂಗಾಡಿ ಮುಗಿಸಿ ಚಹಾ ಕುಡಿಯುತ್ತಿದ್ದೆ.

"ಅಣ್ಣಾ, ಗಾಡಿ ಸೀಟಿ ಹೊಡಿತದ," ಎಂದಳು.

"ಎಂಜಿನ್ನೇನು?"

"ಎಂಜಿನ್ ಅಲ್ಲ. ತ್ವಾಟದಿಂದ ಮನಿಗಿ ಬರೂಮುಂದ, ಬೇವಿನ ಗಿಡದ ತಿರುವಿನ್ಯಾಗ. ನಮ್ಮಣ್ಣ ಅಲ್ಲೇ ಸೀಟಿ ಹೊಡಿತಿದ್ದ, ಅವ್ವ ಗೇಟ್ ತೆಗೀಲಿ ಅಂತ. ಒಂದು ಉದ್ದ, ಒಂದು ಗಿಡ್ಡ. ಇದೂ ಹಾಂಗೇ ಹೊಡಿತದ."

ಸೀಟಿ ಕೇಳಿದರೆ ತಾಯಿ ಲಲಿತಾಬಾಯಿ ಗೇಟು ತೆರೆದು, ಒಳಗೆ ಹೋಗಿ ಮಗನ ತಾಟಿಗೆ ರೊಟ್ಟಿ ಬಡಿಸಿಡುತ್ತಾಳಂತೆ. ಅವನು ಉಣ್ಣದೆ ತಾನು ಉಣ್ಣುವುದಿಲ್ಲ. ಸಂಜೆಗೆ ಆ ರೊಟ್ಟಿಯನ್ನು ಎಮ್ಮೆಗೆ ಹಾಕಿ ಹಾಗೇ ಮಲಗಿಬಿಡುತ್ತಾಳೆ.

"ಗಾಡಿ ಹೊರಗ ತೆಗೀದಿದ್ರ, ನನ್ನ ಮಗನ್ನ ಎಲ್ಲಿ ಕಟ್ಟಿಹಾಕೀರಿ ಅಂತ ಒದರ್ತಾಳ. ಅರ್ಧಾ ಆಗ್ಯಾಳಣ್ಣಾ. ಹಿಂಗೇ ಬಿಟ್ರ ಆಕೀನೂ ಹೋಗ್ತಾಳ," ಎಂದು ಅಂಜನಾ ಅತ್ತಳು.

ರೇವಣ ಫ್ರೇಮಿನ ಕೆಳಗೆ ಕೈಯಾಡಿಸಿ, ತಟ್ಟನೆ ನಕ್ಕುಬಿಟ್ಟ. ಹಳೆಯ ಎಂಜಿನ್ನಿನ ಬೋಲ್ಟು ಕೂರುತ್ತಿದ್ದ ತೂತೊಂದನ್ನು ಮುಚ್ಚಲು ಮರೆತಿದ್ದ. ಪೈಪು ಪೊಳ್ಳು. ತಿರುವಿನಲ್ಲಿ ಗಾಡಿ ವಾಲಿ ಅದರ ಬಾಯಿ ಮೇಲೆ ಗಾಳಿ ಹಾದರೆ, ಪೆನ್ನಿನ ಕ್ಯಾಪಿಗೆ ಊದಿದ ಹಾಗೆ ಸೀಟಿ ಬರುತ್ತದೆ.

"ತಪ್ಪು ನಂದೇ ತಂಗಿ. ನಿಮ್ಮಣ್ಣಂದು ಏನೂ ಇಲ್ಲ," ಎಂದು ಅವಳ ಕಣ್ಣೆದುರೇ ವೆಲ್ಡಿಂಗ್ ಮಾಡಿ, ಉಜ್ಜಿ, ಬಣ್ಣ ಬಳಿದ. ಬಣ್ಣ ಒಣಗಲೆಂದು ಗಾಡಿ ಬಿಟ್ಟು, ಅವಳು ಸಮಾಧಾನವಾಗಿ ಬಸ್ಸಿನಲ್ಲಿ ಊರಿಗೆ ಹೋದಳು. ನನ್ನ ಎದೆಯೂ ಹಗುರಾಯಿತು. ನಿನ್ನ ಮರೆವಿನಿಂದ ಒಂದು ದೆವ್ವವೇ ಹುಟ್ಟಿಬಿಟ್ಟಿತ್ತಲ್ಲೋ ಎಂದು ಅವನನ್ನು ಚುಡಾಯಿಸಿದೆ.

ಮರುದಿನ ಗಾಡಿಯನ್ನು ಟಂಟಂನಲ್ಲಿ ಹಾಕಿಕೊಂಡು ಇಬ್ಬರೂ ಕಮಲಾಪುರಕ್ಕೆ ಹೋದೆವು. ದೌಲಪ್ಪನ ಬಾಳೆ ತೋಟದ ಬಳಿ ಇಳಿಸಿದಾಗ ಮಟಮಟ ಮಧ್ಯಾಹ್ನ. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಟಂಟಂ ಹಿಂದೆ ಬರಲಿ ಎಂದು ಹೇಳಿ ರೇವಣ ಓಡಿಸಿದ, ನಾನು ಅವನ ಬೆನ್ನಿಗೆ ಒತ್ತಿಕೊಂಡು ಕೂತೆ. ಬೇವಿನ ಗಿಡದ ತಿರುವಿನಲ್ಲಿ ಇಬ್ಬರೂ ಕಿವಿಗೊಟ್ಟೆವು. ಎಂಜಿನ್ನಿನ ಪಟಪಟ ಬಿಟ್ಟರೆ ಏನೂ ಇಲ್ಲ.

"ಏನರೆ ಕೇಳಿತೇನ್ರಿ ಸರ?" ಎಂದು ರೇವಣ ನಕ್ಕ.

ಮನೆಯ ಗೇಟು ತೆರೆದಿತ್ತು. ಲಲಿತಾಬಾಯಿ ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದಳು.

"ಇವತ್ಯಾಕ ಇಷ್ಟು ಸಣ್ಣಗ ಹೊಡದ? ಗಂಟಲ ಕೆಟ್ಟದೇನು ಅವಂದು?" ಎಂದು ಕೇಳಿದಳು. ನೋಡಿದ್ದು ನಮ್ಮನ್ನಲ್ಲ, ಎಂಜಿನ್ನಿನ ಸುತ್ತಲಿನ ಆ ಖಾಲಿ ಜಾಗವನ್ನು. ಒಳಗೆ ತಾಟಿನಲ್ಲಿ ರೊಟ್ಟಿ, ಪುಂಡಿಪಲ್ಯ ಬಡಿಸಿಟ್ಟಿತ್ತು. ಬಿಸಿ ಇನ್ನೂ ಆರಿರಲಿಲ್ಲ.

ರೇವಣ ಅಂಜನಾಳ ಕಡೆ ತಿರುಗಿದ. "ನೀನರೆ ಹೇಳು ತಂಗಿ. ತೂತು ಮುಚ್ಚೇನಿ. ಸೀಟಿ ಹ್ಯಾಂಗ ಬರ್ತದ?"

ಅಂಜನಾ ಬಾಗಿಲು ಹಿಡಿದು ನಿಂತಿದ್ದಳು.

"ಅಣ್ಣಾ, ನಾನೂ ಕೇಳೀನಿ," ಎಂದಳು. "ಒಂದು ಉದ್ದ, ಒಂದು ಗಿಡ್ಡ."

ತಾಯಿಯದು ದುಃಖ ಎನ್ನಬಹುದಿತ್ತು. ಈ ಹುಡುಗಿ ನಿನ್ನೆ ತಾನೇ ನಿಂತು ಆ ತೂತು ಮುಚ್ಚಿಸಿಕೊಂಡು ಹೋದವಳು.

ರೇವಣ ಟಂಟಂನಿಂದ ಡ್ರಿಲ್ ಮಷೀನು ತಂದು, ಪಡಸಾಲೆಯ ಬೋರ್ಡಿಗೆ ವೈರು ಚುಚ್ಚಿ, ಮುಚ್ಚಿದ ತೂತನ್ನು ಮತ್ತೆ ಕೊರೆಯತೊಡಗಿದ.

"ತಲಿ ಕೆಟ್ಟದೇನೋ? ಏನು ಮಾಡಾಕತ್ತೀ?" ಎಂದು ಕೂಗಿದೆ.

"ತೂತು ಇದ್ರ ತೂತಿಂದ ಬರ್ತದ ಅಂತ ಈ ಹುಡುಗಿಗಿ ಹೇಳಬಹುದ್ರಿ." ಕೊರೆದ ಪುಡಿಯನ್ನು ಬೆರಳಿನಿಂದ ಒರೆಸಿದ. "ಇಲ್ಲಂದ್ರ ಏನಂತ ಹೇಳ್ಲಿ?"

ಕೈ ತೊಳೆದುಕೊಂಡು ಒಳಗೆ ಹೋಗಿ, ಯಾರೂ ಕರೆಯದೆಯೇ ಆ ತಾಟಿನ ಮುಂದೆ ಕೂತು ರೊಟ್ಟಿ ಮುರಿದ. ಲಲಿತಾಬಾಯಿ ಅವನ ಎದುರು ಕೂತಳು. ಅವನು ಎರಡು ತುತ್ತು ತಿಂದ ಮೇಲೆ ತಾನೂ ಒಂದು ತುತ್ತು ಬಾಯಿಗಿಟ್ಟಳು.

"ನಿಧಾನಕ್ಕ ಉಣ್ಣೋ ವಿವೇಕಾ," ಎಂದಳು.

ರೇವಣ ತಲೆ ಎತ್ತಲಿಲ್ಲ. "ಹೂಂ ಯವ್ವಾ," ಎಂದ.

ಈಗ ದಿನಾ ಮಧ್ಯಾಹ್ನ, ಕಮಲಾಪುರದ ರೊಟ್ಟಿಯ ಹೊತ್ತಿಗೆ, ಶೆಡ್ಡಿಗೆ ಬೀಗ ಬೀಳುತ್ತದೆ. ನನ್ನ ಸ್ಕೂಟರು ವಾರಗಟ್ಟಲೆ ಅಲ್ಲೇ ನಿಂತಿರುತ್ತದೆ. ನಾನು ಕೂಗಾಡುವುದನ್ನು ಬಿಟ್ಟಿದ್ದೇನೆ.