ಪಟ್ಟೆ ಚಡ್ಡಿಯ ಪರ ಮಾತಾಡಿದವನು

ಊಟಿಗೆ ಬಂದವರು ದೊಡ್ಡಬೆಟ್ಟ ಹತ್ತುತ್ತಾರೆ, ಕೆರೆಯಲ್ಲಿ ದೋಣಿ ಸುತ್ತುತ್ತಾರೆ, ವರ್ಕಿ ಬಿಸ್ಕತ್ತು ಕಟ್ಟಿಸಿಕೊಂಡು ಇಳಿದುಹೋಗುತ್ತಾರೆ. ಪಕ್ಕದ ನಂಜನಾಡಿನ ಮಾದಪ್ಪನ ಕುತ್ತಿಗೆಯನ್ನು ನೋಡಿದವರು ಅವರಲ್ಲಿ ಒಬ್ಬರೂ ಇಲ್ಲ. ನೋಡಬೇಕಾದದ್ದು ಅದು. ಇಪ್ಪತ್ತೆರಡು ವರ್ಷ ಆಲೂಗಡ್ಡೆ ಮೂಟೆ ಹೊತ್ತು ಹೊತ್ತು ಆ ಕುತ್ತಿಗೆ ತಲೆಗಿಂತ ಅಗಲವಾಗಿತ್ತು. ಅವನು ಅಂಗಿಯ ಮೇಲಿನ ಗುಂಡಿ ಹಾಕಿದ್ದನ್ನು ಹೆಂಡತಿ ಲಿಂಗಾಜಮ್ಮ ಮದುವೆಯ ದಿನ ನೋಡಿದ್ದೇ ಕೊನೆ.

ಗುಂಡ್ಲುಪೇಟೆ ಕಡೆಯ ಒಂದು ಹಳ್ಳಿಯಿಂದ ಹತ್ತೊಂಬತ್ತನೇ ವಯಸ್ಸಿಗೆ ಬೆಟ್ಟ ಹತ್ತಿ ಬಂದವನು ಮಾದಪ್ಪ. ಬಂದ ವಾರವೇ ತರಕಾರಿ ಮಂಡಿಯಲ್ಲಿ ಮೂಟೆ ಹೊರುವ ಲೋಡ್‌ಮನ್ ಆದ. ಅಲ್ಲಿಂದ ಮುಂದೆ ನಂಜನಾಡಿನ ಮೆಟ್ಟಿಲು ಹೊಲಗಳಲ್ಲಿ ಬೆಳೆದ ಆಲೂಗಡ್ಡೆ, ಕೋಸು, ಕ್ಯಾರೆಟ್ಟುಗಳಲ್ಲಿ ಅರ್ಧ ಪಾಲು ಅವನ ಬೆನ್ನಿನ ಮೇಲೆಯೇ ಲಾರಿ ಹತ್ತಿದೆ ಎಂದರೆ ಅತಿಶಯವಲ್ಲ. ಮಾತು ಮಾತ್ರ ಬಹಳ ನಿಧಾನ. ಅವನನ್ನು ಏನಾದರೂ ಕೇಳಿದರೆ ಉತ್ತರ ಬರುವಷ್ಟರಲ್ಲಿ ಕೈಯಲ್ಲಿದ್ದ ಟೀ ಆರಿಹೋಗುತ್ತಿತ್ತು. ಆದ್ದರಿಂದ ಮಂಡಿಯವರೆಲ್ಲ ಸೇರಿ, ಮಾದಪ್ಪನಿಗೆ ದೇವರು ಕುತ್ತಿಗೆ ಕೊಟ್ಟ, ಮೇಲಿನದ್ದನ್ನು ಖಾಲಿ ಬಿಟ್ಟ ಎಂದು ತೀರ್ಮಾನಿಸಿದ್ದರು. ಬೇಗ ಮಾತಾಡುವವರೆಲ್ಲ ಬೇಗ ಯೋಚಿಸುತ್ತಾರೆ ಎಂದು ನಂಬುವವರಿಗೆ ನಾನಂತೂ ಏನೂ ಹೇಳಲಾರೆ.

ಆ ಮಂಡಿಯಲ್ಲಿ ಒಂದು ಕಟ್ಟಳೆ ಇತ್ತು. ಹೊತ್ತ ಮೂಟೆಯನ್ನು ನೆಲಕ್ಕೆ ಬಿಟ್ಟವನು ಆ ದಿನ ಮತ್ತೆ ಮೂಟೆ ಮುಟ್ಟುವಂತಿಲ್ಲ. ಸಂಜೆಯವರೆಗೆ ಹೆಂಗಸರ ಜೊತೆ ಕೂತು ಕ್ಯಾರೆಟ್ ಆಯಬೇಕು. ಆ ಹೆಂಗಸರು ಇವರಿಗಿಂತ ಹೆಚ್ಚು ಹೊತ್ತು ದುಡಿಯುತ್ತಿದ್ದರು ಎನ್ನುವುದು ಬೇರೆ ಮಾತು. ಗಂಡಸರಿಗೆ ಅದಕ್ಕಿಂತ ದೊಡ್ಡ ಅವಮಾನವಿರಲಿಲ್ಲ. ಹಾಗಾಗಿ ಲಾರಿ ಹತ್ತುವ ಹಲಗೆಯ ಮೇಲೆ ಯಾರ ಕಾಲಾದರೂ ಜಾರಿದರೆ ಉಳಿದವರೆಲ್ಲ ಒಂದೇ ಉಸಿರಿಗೆ "ಹಿಡ್ಕೊ! ಹಿಡ್ಕೊ!" ಎಂದು ಕೂಗುತ್ತಿದ್ದರು. ಪಾಪ, ಸಹಾಯ ಮಾಡುತ್ತಿದ್ದೇವೆ ಎಂದೇ ಅವರು ತಿಳಿದಿದ್ದರು.

ನಾಗ ಬಿದ್ದದ್ದು ಹಾಗೆ. ಅವನು ಮಾದಪ್ಪನಿಗಿಂತ ಆರು ವರ್ಷಕ್ಕೆ ದೊಡ್ಡವನು, ಹಲಗೆ ಹತ್ತುವುದನ್ನು ಅವನಿಗೆ ಕಲಿಸಿದವನು. ತೊಂಬತ್ತೇಳರ ಜನವರಿಯಲ್ಲಿ ಒಂದು ಬೆಳಗ್ಗೆ, ಲಾರಿಗೆ ಆನಿಸಿದ್ದ ಹಲಗೆಯ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಉಪ್ಪು ಚೆಲ್ಲಿದ ಹಾಗಿತ್ತು. ಅರ್ಧ ದಾರಿಯಲ್ಲಿ ನಾಗನ ಕಾಲು ಜಾರಿತು. ಎಲ್ಲರೂ ಕೂಗಿದರು. ನಾಗ ಮೂಟೆಯನ್ನು ಅಪ್ಪಿಕೊಂಡೇ ಕೆಳಗೆ ಬಂದ, ಎಂಬತ್ತು ಕೆಜಿ ಅವನ ಸೊಂಟದ ಮೇಲೆ ಬಂತು. ಮೂರು ತಿಂಗಳು ಮಲಗಿ ಎದ್ದ ಮೇಲೆ ಅವನ ಬಲಗಾಲು ನೆಟ್ಟಗೆ ಊರಲಿಲ್ಲ. ಆಮೇಲಿಂದ ಮಂಡಿಯ ಮೂಲೆಯಲ್ಲಿ ಒಂದು ಪೆಟ್ಟಿಗೆಯ ಮೇಲೆ ಕೂತು, ದಬ್ಬಣ ಹಿಡಿದು ಗೋಣಿಚೀಲಗಳ ಬಾಯಿ ಹೊಲಿಯುತ್ತಿದ್ದ.

ಹೊಸಬ ಯಾರಾದರೂ ಕೆಲಸಕ್ಕೆ ಬಂದರೆ ನಾಗನನ್ನು ತೋರಿಸಿ, "ಸೊಂಟ ಮುರೀತು, ಮೂಟೆ ಮಾತ್ರ ಬುಡ್ಲಿಲ್ಲ ನಮ್ ನಾಗಣ್ಣ" ಎಂದು ಹೇಳುವುದು ವಾಡಿಕೆಯಾಯಿತು. ಆ ಮಾತು ಕಿವಿಗೆ ಬಿದ್ದಾಗ ನಾಗ ತಲೆಯನ್ನು ಸ್ವಲ್ಪ ಮೇಲೆತ್ತುತ್ತಿದ್ದ. ಅವನ ಮುಖ ಬೆಳಗುತ್ತಿದ್ದದ್ದು ಆಗ ಒಮ್ಮೆ ಮಾತ್ರ. ಮಾದಪ್ಪ ಅಷ್ಟು ಹೊತ್ತಿಗೆ ಅಲ್ಲಿಂದ ಎದ್ದು ಹೋಗಿರುತ್ತಿದ್ದ. ಹೊಟ್ಟೆಕಿಚ್ಚು ಎಂದುಕೊಂಡವರೂ ಇದ್ದರು.

ಇನ್ನು ಕುಸ್ತಿಯ ಕಥೆ. ಮಧ್ಯಾಹ್ನ ಮೂರಕ್ಕೆ ಮೂಟೆಗಳೆಲ್ಲ ಸಿದ್ಧವಾಗಿ, ಮೇಟುಪಾಳ್ಯಕ್ಕೆ ಹೋಗುವ ಸಂಜೆಯ ಲಾರಿ ಬರುವವರೆಗೆ ಒಂದು ಗಂಟೆ ಬಿಡುವು. ಎದುರಿಗೇ ತಂಗಮಣಿಯ ಟೀ ಅಂಗಡಿ. ಅವಳು ಕೇಬಲ್ ಹಾಕಿಸಿ, ಟಿವಿಯನ್ನು ಬನ್ನಿನ ಡಬ್ಬಗಳ ಮೇಲೆ ಕೂರಿಸಿದ್ದಳು. ಆ ಹೊತ್ತಿಗೆ ಅದರಲ್ಲಿ ಅಮೆರಿಕದ ಕುಸ್ತಿ ಬರುತ್ತಿತ್ತು. ಅಲ್ಲಿನವರು ಏನು ಹೇಳುತ್ತಿದ್ದಾರೆಂದು ಇಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಮಂಡಿಯ ಲೆಕ್ಕ ಬರೆಯುವ ರೈಟರ್ ಗುರುಮೂರ್ತಿ ಅರ್ಥ ಹೇಳುತ್ತಿದ್ದ, ಗೊತ್ತಿಲ್ಲದ್ದನ್ನು ಧೈರ್ಯವಾಗಿ ಹುಟ್ಟಿಸುತ್ತಿದ್ದ. ಮೈಸೂರಿನಲ್ಲಿ ಪಿಯುಸಿವರೆಗೆ ಓದಿದವನು, ಕೇಳುವವರಾರು?

ಪೈಲ್ವಾನರಿಗೆ ಇವರೇ ಹೆಸರಿಟ್ಟಿದ್ದರು. ಸೂಟು ಹಾಕಿ ಬಂದು, ಮೈಕು ಹಿಡಿದು ಹತ್ತು ನಿಮಿಷ ಭಾಷಣ ಮಾಡಿ ಆಮೇಲೆ ಹೊಡೆಯುವವನು ಲಾಯರ್. ರೆಫರಿ ಬೆನ್ನು ತಿರುಗಿಸಿದಾಗಲೆಲ್ಲ ಕುರ್ಚಿ ಬೀಸುವವನು ಮುಖವಾಡ. ಯಾರ ಮುಂದೆ ನಿಲ್ಲಿಸಿದರೂ ಸೋಲುವ, ಹಳದಿ ಕಪ್ಪು ಪಟ್ಟೆಯ ಚಡ್ಡಿ ತೊಟ್ಟ ಸಣಕಲ ಒಬ್ಬನಿದ್ದ. ಅವನು ಪಟ್ಟೆ ಚಡ್ಡಿ. ಇವರಲ್ಲಿ ಬಲಶಾಲಿ ಯಾರು ಎಂಬ ಜಗಳ ಒಂದೇ ತಿಂಗಳಲ್ಲಿ ಹಳತಾಯಿತು. ಬುದ್ಧಿವಂತ ಯಾರು ಎಂದು ಗುರುಮೂರ್ತಿ ಒಂದು ದಿನ ಕೇಳಿದ. ಅಷ್ಟೇ, ಕಿಡಿ ಹತ್ತಿಕೊಂಡಿತು.

"ಲಾಯರೇ. ಹೊಡೆಯೋಕೆ ಮುಂಚೇನೇ ಮಾತಲ್ಲಿ ಅರ್ಧ ಸೋಲಿಸಿಬಿಡ್ತಾನೆ," ಎಂದ ಗುರುಮೂರ್ತಿ.

"ಮಾತ್ನಲ್ ಏನ್ ಬಂತು ರೈಟ್ರೇ? ಮುಖವಾಡ್ದೋನ್ ನೋಡಿ, ರೆಫರಿ ಯಾವಾಗ ತಿರುಗ್ತಾನೆ ಅಂತ ಮೊದ್ಲೇ ಗೊತ್ತು ಅವ್ನಿಗೆ," ಎಂದ ಕಾಳ. ಗುಂಪಿನಲ್ಲೇ ಅತಿ ಹುಮ್ಮಸ್ಸಿನ ಲೋಡ್‌ಮನ್ ಅವನು. ಮೂವತ್ತು ದಾಟಿ ಎರಡು ಮಕ್ಕಳಾಗಿದ್ದರೂ ಹಲಗೆಯನ್ನು ಓಡಿಯೇ ಹತ್ತುತ್ತಿದ್ದ.

ತಂಗಮಣಿ ಒಲೆಯ ಹಿಂದಿನಿಂದ, "ರೆಫರಿನೇ ಬುದ್ಧಿವಂತ, ಪೋಂಗಪ್ಪಾ, ಹೋಗ್ರಪ್ಪಾ! ಒದೆ ತಿನ್ನದೆ ಸಂಬಳ ತಗೊಳ್ತಾನಲ್ಲ," ಎಂದಳು.

ಹೀಗೆ ವಾರಗಟ್ಟಲೆ ನಡೆಯಿತು. ಕೂಡಿಸಿ ಕಳೆದು, ಪೈಲ್ವಾನರ ವಂಶವೃಕ್ಷದವರೆಗೆ ಹೋದರು. ಮಾದಪ್ಪ ಒಂದು ದಿನವೂ ಬಾಯಿ ತೆರೆಯಲಿಲ್ಲ. ಆದರೆ ಕುಸ್ತಿ ಶುರುವಾದರೆ ಅವನ ಕಣ್ಣು ಪಟ್ಟೆ ಚಡ್ಡಿಯ ಮೇಲಿಂದ ಕದಲುತ್ತಿರಲಿಲ್ಲ. ಅವನು ಏನು ನೋಡುತ್ತಿದ್ದಾನೆಂದು ಯಾರೂ ಕೇಳಲಿಲ್ಲ.

ಒಂದು ಸೋಮವಾರ ಗುರುಮೂರ್ತಿ ಪತ್ರಿಕೆಯ ತುಂಡೊಂದನ್ನು ಬೀಸುತ್ತ ಬಂದ. ಈ ಕುಸ್ತಿಯೆಲ್ಲ ನಾಟಕವಂತೆ, ಯಾರು ಗೆಲ್ಲಬೇಕೆಂದು ಮೊದಲೇ ಗೊತ್ತುಮಾಡಿರುತ್ತಾರಂತೆ! ಕಾಳನ ಮುಖ ಕಪ್ಪಿಟ್ಟಿತು. ಅವನು ಮುಖವಾಡದವನಿಗಾಗಿ ಹರಕೆ ಹೊರುವುದೊಂದು ಬಾಕಿ ಇತ್ತು.

"ಅಲ್ಲಿಗೆ ಮುಗೀತು," ಎಂದ ಗುರುಮೂರ್ತಿ. "ಬುದ್ಧಿವಂತ ಯಾರೂ ಇಲ್ಲ. ಸೋಲೂ ಸುಳ್ಳು, ಗೆಲುವೂ ಸುಳ್ಳು."

ಮಾದಪ್ಪನ ಟೀ ಆರಿತು. ಆಮೇಲೆ ಅವನು, "ನೆಲ ಸುಳ್ಳಲ್ಲ ರೈಟ್ರೇ," ಎಂದ.

ಎಲ್ಲರೂ ತಿರುಗಿದರು.

"ಗೆಲ್ಲೋದ್ ನಾಟ್ಕ ಇರ್ಬೋದು. ಬೀಳೋದ್ ಹೆಂಗ್ ನಾಟ್ಕ ಆಯ್ತದೆ? ಆ ಪಟ್ಟೆ ಚಡ್ಡಿ ವಾರ ವಾರ ಬೀಳ್ತನೆ, ಮುಂದಿನ್ ವಾರ ಎದ್ದು ಬತ್ತನೆ. ನಾನ್ ನೋಡಿವ್ನಿ. ಬೀಳುವಾಗ ಗದ್ದ ಎದೆಗ್ ಒತ್ಕತನೆ. ಕೈ ಎರಡೂ ಚಾಚ್ಕತನೆ. ಏನೂ ಹಿಡ್ಕಳಕಿಲ್ಲ. ಅಷ್ಟ್ ಜನದಲ್ಲಿ ಬುದ್ವಂತ ಅಂದ್ರೆ ಅವ್ನೇ."

ಇಷ್ಟುದ್ದದ ಮಾತು ಮಾದಪ್ಪನ ಬಾಯಿಂದ ಬಂದದ್ದು ಇಪ್ಪತ್ತೆರಡು ವರ್ಷದಲ್ಲಿ ಅದೇ ಮೊದಲು. ಕಾಳ ನಕ್ಕುಬಿಟ್ಟ. ಮಾದಪ್ಪ ನಗಲಿಲ್ಲ. ಎದ್ದು, ಅಂಗಡಿಯ ಮುಂದೆ ಒಟ್ಟಿದ್ದ ಖಾಲಿ ಗೋಣಿಗಳಿಗೆ ಬೆನ್ನು ಮಾಡಿ ನಿಂತು, ಗದ್ದವನ್ನು ಎದೆಗೆ ಒತ್ತಿ, ಎರಡು ಕೈ ಚಾಚಿ ಹಿಂದಕ್ಕೆ ಬಿದ್ದ. ಒಳಗೆ ಗಾಜಿನ ಲೋಟಗಳು ಕಣಕಣ ಎಂದವು. ಮರುಕ್ಷಣ ಎದ್ದು ಕೂತ. ಮತ್ತೊಮ್ಮೆ ಬಿದ್ದು ತೋರಿಸಿದ. ಆ ದೊಡ್ಡ ಮೈ ಅಷ್ಟು ಸುಲಭವಾಗಿ ಬಿದ್ದೇಳುವುದನ್ನು ಕಂಡು ತಂಗಮಣಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಅವನು ಇದನ್ನು ಎಲ್ಲೋ ಒಬ್ಬನೇ ಎಷ್ಟೋ ಸಲ ಮಾಡಿ ನೋಡಿದ್ದಾನೆಂದು ಎಲ್ಲರಿಗೂ ಅರ್ಥವಾಯಿತು.

"ಮೂಟೆ ಹೊತ್ತಾಗ್ಲೂ ಇಂಗೇ ಬೀಳ್ಬೇಕು. ಜಾರ್ತಿದ್ದಂಗೆ ಮೂಟೆ ಬುಡ್ಬೇಕು," ಎಂದ ಮಾದಪ್ಪ. "ಹಲಗೆ ಮೇಲೆ ಒಂದ್ಸಲಕ್ಕೆ ಒಬ್ಬನೇ ಇರ್ತನೆ, ಹಿಂದೆ ಯಾರಿಗೂ ಏಟಾಗಕಿಲ್ಲ."

ಬೆಂಚಿನ ತುದಿಯಲ್ಲಿ ನಾಗ ಕೂತಿದ್ದ. ಊರುಗೋಲನ್ನು ನೆಲಕ್ಕೆ ಒಮ್ಮೆ ಕುಟ್ಟಿದ.

"ಅಂಗಾರೆ ನಾನು ದಡ್ಡ ಅನ್ಲಾ ಮಾದ," ಎಂದ.

ಮಾದಪ್ಪನಿಗೆ ಇದು ಬರುತ್ತದೆಂದು ಗೊತ್ತಿತ್ತು. ಎರಡು ವರ್ಷ ಅವನು ಬಾಯಿ ಕಟ್ಟಿಕೊಂಡಿದ್ದದ್ದು ಇದೊಂದಕ್ಕೇ. ಕಟ್ಟಳೆ ತಪ್ಪು ಎಂದರೆ ನಾಗನ ಹತ್ತಿರ ಉಳಿದಿದ್ದ ಒಂದೇ ಒಂದು ಹೊಗಳಿಕೆಯನ್ನು ಕಿತ್ತುಕೊಂಡ ಹಾಗೆ. ಹೇಳದಿದ್ದರೆ, ಓಡಿ ಹಲಗೆ ಹತ್ತುವ ಕಾಳ ಇಂದಲ್ಲ ನಾಳೆ ನಾಗನ ಪಕ್ಕದಲ್ಲೇ ಪೆಟ್ಟಿಗೆ ಹಾಕಿಕೊಂಡು ಕೂರಬೇಕು.

"ದಡ್ಡ ನೀನಲ್ಲ ಕಣಣ್ಣ," ಎಂದ. "ಅವತ್ತು ನಿನ್ ಕೈ ಸಡ್ಲ ಆಗ್ತಿತ್ತು. ನೀನ್ ಮೂಟೆ ಬುಡ್ತಿದ್ದೆ, ನಾನ್ ಕಣ್ಣಾರೆ ಕಂಡೆ. ಹಿಡ್ಕೊ ಅಂತ ಎಲ್ರಿಗಿಂತ ಮೊದ್ಲು ಕೂಗ್ದೋನು ನಾನು. ನಾನ್ ಕೂಗಿದ್ಮೇಲೆ ನೀನ್ ಮತ್ತೆ ಬಿಗಿ ಹಿಡ್ದೆ."

ನಾಗ ಅವನನ್ನೇ ನೋಡಿದ. ಊರುಗೋಲು ಹಿಡಿದು ಎದ್ದು, ರಸ್ತೆ ದಾಟಿ ಮಂಡಿಗೆ ಹೋಗಿಬಿಟ್ಟ. ಟಿವಿಯಲ್ಲಿ ಲಾಯರ್ ಭಾಷಣ ಮಾಡುತ್ತಲೇ ಇದ್ದ, ಯಾರೂ ಅರ್ಥ ಕೇಳಲಿಲ್ಲ.

ಆಮೇಲೆ ನಾಗ ಮಾದಪ್ಪನ ಜೊತೆ ಮಾತು ಬಿಟ್ಟ. ಮಾದಪ್ಪ ತಂದಿಟ್ಟ ಚೀಲವನ್ನು ಹೊಲಿದು ಕೊಡುತ್ತಿದ್ದ, ಮುಖ ನೋಡುತ್ತಿರಲಿಲ್ಲ. ಮಾದಪ್ಪ ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇರುತ್ತಿದ್ದ. ವಿಷಯ ತಿಳಿದ ಲಿಂಗಾಜಮ್ಮ, "ಹೇಳ್ಬೇಕಾಗಿತ್ತು, ಹೇಳಿದ್ರಿ. ಈಗ ಉಣ್ಣಿ," ಎಂದು ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು. ಹೊಸಬರಿಗೆ ನಾಗನ ಕಥೆ ಹೇಳುವುದನ್ನು ಮಂಡಿಯವರು ನಿಲ್ಲಿಸಿದರು. ಆದರೆ ಕಟ್ಟಳೆಯನ್ನು ಬಿಡಲು ಯಾರಿಗೂ ಮನಸ್ಸಿರಲಿಲ್ಲ. ಕ್ಯಾರೆಟ್ ಆಯುವ ಭಯ ಅಷ್ಟು ಸುಲಭಕ್ಕೆ ಹೋಗುವುದಲ್ಲ.

ಮತ್ತೆ ಇಬ್ಬನಿ ಹೆಪ್ಪುಗಟ್ಟುವ ಕಾಲ ಬಂತು. ಒಂದು ಬೆಳಗ್ಗೆ ಮಾದಪ್ಪ ಲಾರಿಯ ಮೇಲೆ ನಿಂತು ಮೂಟೆ ಜೋಡಿಸುತ್ತಿದ್ದ. ಕಾಳ ಎಂದಿನಂತೆ ಓಡಿಕೊಂಡು ಹಲಗೆ ಹತ್ತಿದ. ಮುಕ್ಕಾಲು ದಾರಿಯಲ್ಲಿ ಅವನ ಹಿಮ್ಮಡಿ ಜಾರಿದ್ದನ್ನು ಮಾದಪ್ಪ ಮೇಲಿಂದ ಕಂಡ. ಬಾಯಿ ತೆರೆದ. ಜನ್ಮಕ್ಕಂಟಿದ ನಿಧಾನ, ಮಾತು ಹೊರಡಲಿಲ್ಲ. ಕೆಳಗೆ ಆಗಲೇ ನಾಲ್ಕೈದು ಗಂಟಲು "ಹಿಡ್ಕೊ!" ಎಂದಿದ್ದವು. ಕಾಳನ ಬೆರಳುಗಳು ಗೋಣಿಯ ಕಿವಿಯನ್ನು ಬಿಗಿಯಾಗಿ ಹಿಡಿದವು.

"ಬುಡ್ಲಾ! ಕಾಳ, ಬುಡೋ!"

ಎಲ್ಲರ ಕೂಗನ್ನೂ ಸೀಳಿಕೊಂಡು ಬಂತು ಆ ಧ್ವನಿ. ಮಂಡಿಯ ಮೂಲೆಯಿಂದ, ಪೆಟ್ಟಿಗೆಯ ಮೇಲಿಂದ.

ಕಾಳ ಬಿಟ್ಟ. ಮೂಟೆ ಹಲಗೆಯ ಆ ಕಡೆ ಬಿದ್ದು ಬಾಯಿ ಬಿಚ್ಚಿಕೊಂಡಿತು, ಆಲೂಗಡ್ಡೆ ಇಳಿಜಾರಿನಲ್ಲಿ ಉರುಳಿ ಬಸ್ ಸ್ಟಾಪಿನವರೆಗೂ ಹೋಯಿತು. ಕಾಳ ಈ ಕಡೆ, ಗದ್ದ ಎದೆಗೆ ಒತ್ತಿ, ಕೈ ಚಾಚಿ, ಒದ್ದೆ ಮಣ್ಣಿನ ಮೇಲೆ ಬೆನ್ನಾಗಿ ಬಿದ್ದ. ಅಂದು ನಕ್ಕವನು ಎಲ್ಲವನ್ನೂ ನೋಡಿಟ್ಟುಕೊಂಡಿದ್ದ. ಸ್ವಲ್ಪ ಹೊತ್ತು ಆಕಾಶ ನೋಡುತ್ತ ಮಲಗಿದ್ದು, ಎದ್ದ. ಕಾಲು ಆಡಿಸಿ ನೋಡಿಕೊಂಡ. ಎರಡೂ ನೆಟ್ಟಗಿದ್ದವು. ಆಮೇಲೆ ತಲೆ ತಗ್ಗಿಸಿಕೊಂಡು ಕ್ಯಾರೆಟ್ ರಾಶಿಯ ಕಡೆಗೆ ನಡೆದ.

"ಎಲ್ಲಿಗ್ಲಾ ಹೋದೀಯೆ?" ನಾಗ ದಬ್ಬಣ ಎತ್ತಿ ಕರೆದ. "ಆ ಗೋಣಿ ತತ್ತಾ ಇಲ್ಲಿ. ಗೋಣಿ ಹರುದ್ರೆ ಹೊಲ್ಕೊಡ್ತೀನಿ. ಸೊಂಟ ಹೊಲಿಯಕ್ಕೆ ನಂಗ್ ಬರಕಿಲ್ಲ. ಹೋಗು, ಮುಂದಿನ್ ಮೂಟೆ ಎತ್ತು."

ಮೂಟೆ ಬಿಡದೆ ಸೊಂಟ ಕೊಟ್ಟವನೇ ಬಿಡು ಎಂದ ಮೇಲೆ ಎದುರು ಮಾತಾಡಲು ಯಾರಿಗೆ ಬಾಯಿದೆ? ಹೆಂಗಸರು, ಗಂಡಸರು, ಗುರುಮೂರ್ತಿ ಸಹ, ಎಲ್ಲರೂ ಸೇರಿ ಬಸ್ ಸ್ಟಾಪಿನಿಂದ ಆಲೂಗಡ್ಡೆ ಆರಿಸಿ ತಂದರು. ಅಂದಿಗೆ ಆ ಕಟ್ಟಳೆಯೇ ಕೊನೆಗೊಂಡಿತು. ಮಾದಪ್ಪ ಮಾತ್ರ ಲಾರಿಯ ಮೇಲೆ, ಯಾರಿಗೂ ಕಾಣದ ಹಾಗೆ ಮೂಟೆಗಳ ಹಿಂದೆ ಕೂತು, ತಲೆಗೆ ಸುತ್ತಿದ್ದ ಟವೆಲ್ಲಿನಿಂದ ಕಣ್ಣೊರೆಸಿಕೊಂಡ.

ಮಧ್ಯಾಹ್ನ ತಂಗಮಣಿಯ ಅಂಗಡಿಯಲ್ಲಿ ಕುಸ್ತಿ ಶುರುವಾಗಿತ್ತು. ಪಟ್ಟೆ ಚಡ್ಡಿ ಎಂದಿನಂತೆ ಸೋಲುತ್ತಿದ್ದ, ಕಾಳ ಅವನಿಗೇ ಚಪ್ಪಾಳೆ ತಟ್ಟುತ್ತಿದ್ದ. ಗುರುಮೂರ್ತಿ, "ಸರಿ ಮಾದಪ್ಪ, ನೀನೇ ಗೆದ್ದೆ. ಎಲ್ಲರಿಗಿಂತ ಬುದ್ಧಿವಂತ ಪಟ್ಟೆ ಚಡ್ಡಿ. ಆಯ್ತಾ?" ಎಂದ.

ಮಾದಪ್ಪ ಲೋಟ ಹಿಡಿದುಕೊಂಡು ಬಹಳ ಹೊತ್ತು ಯೋಚಿಸಿದ.

"ಅವ್ನು ಎರಡ್ನೇದು."

"ಮತ್ತೆ ಮೊದಲನೇದು ಯಾರಯ್ಯಾ?"

ಮಾದಪ್ಪ ಟಿವಿಯ ಕಡೆ ನೋಡಲಿಲ್ಲ. ಬೆಂಚಿನ ತುದಿಯಲ್ಲಿ ನಾಗ ಕೂತು, ದಬ್ಬಣದ ಕಣ್ಣಿಗೆ ದಾರ ಏರಿಸುತ್ತಿದ್ದ.

"ಅವ್ನು ಟಿವೀಲಿ ಬರಕಿಲ್ಲ ರೈಟ್ರೇ," ಎಂದ ಮಾದಪ್ಪ.

ನಾಗ ತಲೆ ಎತ್ತಲಿಲ್ಲ. ದಾರವನ್ನು ಹಲ್ಲಿನಿಂದ ಕಚ್ಚಿ ಕತ್ತರಿಸಿದ.

"ಟೀ ಕುಡೀಲಾ ಮಾದ," ಎಂದ. "ಆರೋಗ್ತದೆ."