ಮೂಲೆಯಲ್ಲಿ ಶಂಕ್ರು

ಶಂಕ್ರಪ್ಪ ಕಾಕಾ ಏನು ಬರೆದರೂ ಬಲಗಡೆಯ ಕೆಳಮೂಲೆಯಲ್ಲಿ ಕೆಂಪು ಬಣ್ಣದಲ್ಲಿ ‘ಶಂಕ್ರು’ ಅಂತ ಸಹಿ ಹಾಕುತ್ತಿದ್ದರು. ಲಿಂಗಂಪಲ್ಲಿಯ ನಮ್ಮ ಓಣಿಯಲ್ಲಿ ನೀರಿನ ಟ್ಯಾಂಕಿನ ಮೇಲೂ ಶಂಕ್ರು, ಗೇಟಿನ ‘ನೋ ಪಾರ್ಕಿಂಗ್’ ಕೆಳಗೂ ಶಂಕ್ರು. ಕಲಬುರಗಿಯಿಂದ ಬಂದು ಹೈದರಾಬಾದಿನ ಟಾಕೀಸುಗಳಿಗೆ ಬ್ಯಾನರ್ ಬರೆದವರು. ಫ್ಲೆಕ್ಸ್ ಬಂದು ಆ ಕೆಲಸ ನಿಂತ ಮೇಲೆ ಮಗಳ ಮನೆಯ ವರಾಂಡದಲ್ಲಿ ಕುಂಚ ತೊಳೆಯುತ್ತ ಕೂತಿರುತ್ತಿದ್ದರು. ಅದೇ ಮನೆಯ ಮೇಲಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ.

ಮಣಿಕೊಂಡದ ನಮ್ಮ ಆಫೀಸು ನಾಲ್ಕು ಭಾಷೆಗಳಲ್ಲಿ ಮೊಬೈಲ್ ಆಟಗಳ ವಿಮರ್ಶೆ ಹಾಕುತ್ತಿತ್ತು. ಕನ್ನಡ ನನ್ನ ಪಾಲು. ಒಮ್ಮೆ ‘ದೊಡ್ಡವರಿಗೆ ಮಾತ್ರ’ ಎನ್ನುವ ಹನ್ನೆರಡು ಪುಟ್ಟ ಆಟಗಳ ಸಂಗ್ರಹ ಬಂತು. ಚಿತ್ರ, ಕಥೆ, ಕೊಟ್ಟ ಬೆಲೆಗೆ ಸಿಗುವ ಮೌಲ್ಯ, ಈ ಮೂರಕ್ಕೂ ಅಂಕ ಕೊಡಬೇಕು. ಆಟದವರು ನಮಗೆ ಜಾಹೀರಾತು ಕೊಡುವವರು. ನಾಲ್ಕು ಸ್ಟಾರ್‌ಗಿಂತ ಕಡಿಮೆಯಾಗಬಾರದು ಎಂದು ಮೇಲಿನವರು ಹೇಳಿದ್ದರು. ನನ್ನ ಕೆಲಸ ಖಾಯಂ ಆಗುವುದೋ ಬಿಡುವುದೋ ಆ ತಿಂಗಳೇ ತೀರ್ಮಾನವಾಗಬೇಕಿತ್ತು.

ವರಾಂಡದಲ್ಲಿ ಕೂತು ಆಡುತ್ತಿದ್ದೆ. ಕಾಕಾ ಹಿಂದೆ ಬಂದು ನಿಂತದ್ದು ಗೊತ್ತಾಗಿ ಫೋನು ಬೋರಲು ಹಾಕಿದೆ.

“ಮುಚ್ಚಬ್ಯಾಡ ಯವ್ವಾ. ಇಂಥಾವು ನಾ ಭಾಳ ಬರ್ದೀನಿ,” ಎಂದು ಕನ್ನಡಕ ಏರಿಸಿದರು. ನಾಚಿಕೆಯೆಲ್ಲ ನನಗೇ, ಅವರು ಶಾಲೆಯ ಪರೀಕ್ಷೆಗೆ ಬಂದ ಡ್ರಾಯಿಂಗ್ ಮೇಷ್ಟ್ರ ಥರ ನೋಡಿದರು. “ಹನ್ನೆರಡು ಮಂದಿಗೂ ಒಂದ ಮೂಗ ಐತಿ ನೋಡು. ಸೀರಿ ಅಷ್ಟ ಬದಲಾಗ್ಯಾವ. ಈಕಿ ಈ ಮನಿಗಿ ಯಾಕ ಬಂದಾಳ?”

“ಗೆದ್ದವರಿಗೆ ಅವಳೇ ಇನಾಮು, ಕಾಕಾ. ಕಥೆ ಅಷ್ಟೇ.”

“ಆಕಿನ್ನ ಯಾರರ ಕೇಳ್ಯಾರೇನು?”

ಮೌಲ್ಯದ ವಿಷಯ ತೆಗೆದಾಗ ನನ್ನ ಪಕ್ಕ ಬಂದು ಕೂತರು. “ಹೊರಗ ತೋರಿಸಿದ್ದು ಒಳಗ ಐತೇನು, ಅದಷ್ಟ ನೋಡು. ಒಂದು ಪಿಚ್ಚರಿನಾಗ ಒಬ್ಬಾಕಿ ಮೈತುಂಬ ಸೀರಿ ಉಟ್ಟಿದ್ಲು. ಮಾಲಕ ಹೇಳ್ದ ಅಂತ ನಾ ಬ್ಯಾನರಿನಾಗ ಉಡಿಸಲಿಲ್ಲ. ಆಕಿ ಅವ್ವ ಬಂದು ಬ್ಯಾನರ್ ಮುಂದ ನಿಂತ್ಲು. ಬೈಲಿಲ್ಲ, ಅಳಲಿಲ್ಲ. ಮೂಲ್ಯಾಗಿನ ಹೆಸರು ಓದಿ ಹ್ವಾದ್ಲು. ಅವತ್ತಿನಿಂದ ಸುಳ್ಳು ಬರದ್ರ ಸಹಿ ಹಾಕಂಗಿಲ್ಲ ನಾ. ಹೊಟ್ಟಿಗಾಗಿ ಬರೀತಿದ್ದೆ, ಖರೆ. ಹೆಸರು ಮಾತ್ರ ಇಲ್ಲ.”

ಆಮೇಲೆ ಏನೂ ಆಗದವರಂತೆ, “ನಿನ್ನ ಬಾಗಿಲಿಗಿ ಹೆಸರಿನ ಬೋರ್ಡ್ ಇಲ್ಲಲ್ಲ, ಬರ್ದು ಕೊಡ್ತೀನಿ,” ಎಂದರು.

ನಾನು ಎರಡು ಸ್ಟಾರ್ ಕೊಟ್ಟು ಬರೆದೆ. ಮೇಲಿನವರು ವಾಪಸು ಕಳಿಸಿದರು. ಎರಡನೆಯ ಸಲ ನಾಲ್ಕು ಕೊಟ್ಟೆ. ‘ಒಬ್ಬರಂತೆ ಇನ್ನೊಬ್ಬರಿಲ್ಲದ ಹನ್ನೆರಡು ನಾಯಕಿಯರು’ ಎನ್ನುವ ಸಾಲು ನನ್ನದೇ, ಯಾರೂ ಹೇಳಿಕೊಟ್ಟದ್ದಲ್ಲ. ಕೆಲಸ ಖಾಯಂ ಆಯಿತು.

ಪೇಡೆ ಕೊಡಲು ಹೋದಾಗ ಕಾಕಾ ವಿಮರ್ಶೆ ಓದಿಸಿದರು. ಪೂರ್ತಿ ಕೇಳಿ, “ಕೆಳಗ ಯಾರ ಹೆಸರೈತಿ?” ಎಂದರು.

“ನಂದೇ, ಕಾಕಾ.”

“ಹೂಂ,” ಎಂದು ಪೇಡೆ ತಿಂದು, ಛಲೋ ಐತಿ ಎಂದರು. ಅದು ಪೇಡೆಯ ಬಗ್ಗೆ ಹೇಳಿದ ಮಾತು.

ಅಳಿಯನಿಗೆ ಸೊಲ್ಲಾಪುರಕ್ಕೆ ವರ್ಗವಾಗಿ ಕೆಳಗಿನ ಮನೆ ಖಾಲಿಯಾಯಿತು. ಹೊರಡುವ ದಿನ ಕಾಕಾ ಮೆಟ್ಟಿಲು ಹತ್ತಿ ಬಂದು ಹಳೇ ಪೇಪರಿನಲ್ಲಿ ಸುತ್ತಿದ ಬೋರ್ಡು ಕೈಗಿಟ್ಟರು. ಬರೀತೀನಿ ಅಂದದ್ದನ್ನು ಮರೆತಿರಲಿಲ್ಲ. “ಆರಾಮ ಇರು ಯವ್ವಾ,” ಎಂದು ತಲೆಯ ಮೇಲೆ ಕೈಯಿಟ್ಟು ಇಳಿದು ಹೋದರು.

ಹಳದಿ ಅಕ್ಷರ, ಅದಕ್ಕೆ ನೀಲಿ ನೆರಳು. ನನ್ನ ಹೆಸರು ಅಷ್ಟು ಚೆಂದ ಎಂದು ನನಗೇ ಗೊತ್ತಿರಲಿಲ್ಲ. ಬಲಗಡೆಯ ಕೆಳಮೂಲೆ ನೋಡಿದೆ. ಎಡಗಡೆ ನೋಡಿದೆ. ತಿರುಗಿಸಿ ಹಿಂಬದಿಯನ್ನೂ ನೋಡಿದೆ. ಕೆಂಪು ಬಣ್ಣ ಎಲ್ಲೂ ಇರಲಿಲ್ಲ.

ಬೋರ್ಡು ಇನ್ನೂ ಬಾಗಿಲಲ್ಲಿದೆ. ಬಂದವರೆಲ್ಲ ಅಕ್ಷರ ಮೆಚ್ಚಿ, ಯಾರು ಬರೆದದ್ದು ಎಂದು ಕೇಳುತ್ತಾರೆ. ಹೇಳಲು ನಾಚಿಕೆಯಾಗುತ್ತದೆ.