ಎಲೀಷಪ್ಪನ ಸಹಿಗೆ ಬಂದ ಕಾಗದ

ಕೂತಲ್ಲಿ ಕೂರುವ ಆಸಾಮಿಯಲ್ಲ ಎಲೀಷಪ್ಪ. ಭದ್ರಾವತಿಯ ಕಾರ್ಖಾನೆ ಲೈನಿನ ಎರಡು ಕೋಣೆಯ ಮನೆಯಲ್ಲಿ ಊಟದ ತಟ್ಟೆ ಹಿಡಿದುಕೊಂಡೇ ಅಡ್ಡಾಡುತ್ತಿದ್ದ. "ಕೂತ್ಕೊಂಡು ತಿನ್ರೀ, ನಿಮ್ಮ ಜತೆ ತಿರುಗಿ ಅನ್ನಕ್ಕೂ ತಲೆ ಸುತ್ತುತ್ತೆ" ಎಂದು ಹೆಂಡತಿ ಕರುಣಮ್ಮ ಬೈದರೂ ಅಷ್ಟೆ. ಆದರೆ 1961ರ ಅಕ್ಟೋಬರಿನ ಆ ವಾರ ಅವನ ಅಡ್ಡಾಟಕ್ಕೆ ಅಂಗಿಯ ಜೇಬಿನಲ್ಲೇ ಕಾರಣವಿತ್ತು. ಅವನ ಕ್ರೈಸ್ತ ಸಭೆಯ ಕಮಿಟಿಯವರು ಟೈಪು ಮಾಡಿಸಿ ಕೊಟ್ಟ ಒಂದು ಹಾಳೆ. "ವಿಕಾಸವಾದವು ದೇವರಿಗೆ ವಿರುದ್ಧವಾದ ಸುಳ್ಳು. ನಾನು ಅದನ್ನು ಮಕ್ಕಳಿಗೆ ಹೇಳುವುದಿಲ್ಲ." ಕೆಳಗೆ ಸಹಿಗೆ ಜಾಗ. ಶನಿವಾರದೊಳಗೆ ಸಹಿ ಹಾಕಬೇಕು, ಇಲ್ಲವೇ ಹನ್ನೊಂದು ವರ್ಷದಿಂದ ನಡೆಸಿಕೊಂಡು ಬಂದ ಸಂಡೇ ಸ್ಕೂಲ್ ಬಿಡಬೇಕು. ಮಕ್ಕಳಿಲ್ಲದ ಆ ಗಂಡಹೆಂಡಿರಿಗೆ ವಾರವೆಂದರೆ ಆ ಒಂದು ಗಂಟೆ, ಆ ಮೂವತ್ತು ಮಕ್ಕಳು.

ತಮಾಷೆಯೆಂದರೆ, ಹನ್ನೊಂದರಲ್ಲಿ ಹತ್ತು ವರ್ಷ ಅವನೇ ವಿಕಾಸವಾದವನ್ನು ವಿಷವೆಂದು ಬೋಧಿಸಿದ್ದ. ಯಾಕೆಂದರೆ ಅದನ್ನು ಅವನು ಕಲಿತದ್ದು ಪುಸ್ತಕದಿಂದಲ್ಲ, ಒಬ್ಬ ಮೇಸ್ತ್ರಿಯ ಬಾಯಿಂದ. ಜ್ವರದಲ್ಲಿ ಬಿದ್ದ ಕೂಲಿಗಳ ಹೆಸರನ್ನು ಹಾಜರಿಪಟ್ಟಿಯಿಂದ ಹೊಡೆದುಹಾಕುವಾಗ ಆ ಮೇಸ್ತ್ರಿ, "ಬಲ ಇದ್ದೋನು ಉಳೀತಾನೆ, ಸೈನ್ಸೇ ಹೇಳುತ್ತೆ" ಎನ್ನುತ್ತಿದ್ದ. ಇದೇ ವಿಕಾಸವಾದವಾದರೆ ಇದು ಸೈತಾನನದೇ ಎಂದು ಎಲೀಷಪ್ಪ ತೀರ್ಮಾನಿಸಿದ್ದ. ಹೋದ ವರ್ಷ ಶಿವಮೊಗ್ಗದಲ್ಲಿ ರಸೂಲ್ ಸಾಬರ ಹಳೇ ಪುಸ್ತಕದಂಗಡಿಯಲ್ಲಿ ರಟ್ಟು ಕಿತ್ತುಹೋದ ಪ್ರಾಣಿಶಾಸ್ತ್ರದ ಪಠ್ಯಪುಸ್ತಕ ಸಿಕ್ಕಿತು. "ಪರೀಕ್ಷೆಗೆ ಕಟ್ತೀರಾ ಈ ವಯಸ್ಸಲ್ಲಿ?" ಎಂದು ಸಾಬರು ನಕ್ಕರು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಆರು ತಿಂಗಳು ಓದಿದ. ಬಾವಲಿಯ ರೆಕ್ಕೆ, ತಿಮಿಂಗಿಲದ ಈಜುರೆಕ್ಕೆ, ಮನುಷ್ಯನ ಕೈ, ಮೂರರ ಮೂಳೆಗಳೂ ಒಂದೇ ಕ್ರಮದಲ್ಲಿದ್ದವು. ಕೂಲಿಗಳ ಸುದ್ದಿ ಯಾವ ಪುಟದಲ್ಲೂ ಇರಲಿಲ್ಲ. ಓದಿ ಮುಗಿಸಿದ ಮೇಲೆ ಬಂದ ಭಾನುವಾರವೇ ಹೋಗಿ, "ಹತ್ತು ವರ್ಷ ನಾನು ತಪ್ಪು ಹೇಳಿಕೊಟ್ಟೆ, ಮಕ್ಕಳೇ" ಎಂದುಬಿಟ್ಟ. ಯಾವುದೋ ಮಗುವಿನ ಅಪ್ಪ ಕಮಿಟಿಗೆ ದೂರು ಕೊಟ್ಟ.

ಕಾರ್ಖಾನೆಯ ಲ್ಯಾಬಿನಲ್ಲಿ ಎಲೀಷಪ್ಪನದು ಅದಿರು ಅರೆದು ಪುಡಿ ಮಾಡುವ ಕೆಲಸ. ಎದುರಿನ ಮೇಜಿನ ನರಸಿಂಹಮೂರ್ತಿ ದೇವರ ಹೆಸರೆತ್ತಿದರೆ ಉರಿದು ಬೀಳುವವನು. ಕಾಗದ ನೋಡಿ ಅವನಿಗೆ ಖುಷಿಯೋ ಖುಷಿ.

"ಸಹಿ ಹಾಕ್ಬೇಡ ಮಾರಾಯ. ಸಭೇನೇ ಬಿಟ್ಟು ಬಾ. ವಿಕಾಸ ನಿಜ ಅಂದ್ಮೇಲೆ ನಿನ್ನ ದೇವ್ರಿಗೆ ಏನು ಕೆಲ್ಸ? ಸೈನ್ಸು ತೀರ್ಪು ಕೊಟ್ಟಾಯ್ತು."

"ಯಾವ ಪುಟದಲ್ಲಿ?"

"ಏನು ಯಾವ ಪುಟ?"

"ನಾನು ಎರಡು ಸಲ ಓದಿದೀನಿ. ದೇವ್ರಿಲ್ಲ ಅಂತ ಎಲ್ಲಿದೆ, ತೋರ್ಸು." ಎಲೀಷಪ್ಪ ಅದಿರಿನ ಪೊಟ್ಟಣವೊಂದನ್ನು ಅವನ ಮುಂದಿಟ್ಟ. "ಇದ್ರ ಮೇಲೆ ಬರೀ ನಂಬರು. ಯಾರ ಗುಡ್ಡದ್ದು ಅಂತ ನಮಗೆ ಹೇಳಲ್ಲ, ಯಾಕೆ? ಹೆಸ್ರು ಗೊತ್ತಾದ್ರೆ ಲೆಕ್ಕ ವಾಲುತ್ತೆ ಅಂತ. ಇದ್ರಲ್ಲಿ ಕಬ್ಬಿಣ ಎಷ್ಟು ಅಂತ ನೀನು ಬರಿ, ತಲೆಬಾಗಿ ಒಪ್ತೀನಿ. ಈ ಗುಡ್ಡಕ್ಕೆ ದೇವ್ರಿದಾನೋ ಇಲ್ವೋ ಅಂತ ಬರೆದ್ಯೋ, ಅದು ಪರೀಕ್ಷೆ ಅಲ್ಲ, ನಿನ್ನ ಭಾಷಣ."

"ಲೇ, ನೀನು ಪಾದ್ರಿಗೂ ಬೇಡದೋನು, ನಮಗೂ ಬೇಡದೋನು. ಮಧ್ಯ ನಿಂತು ಎರಡೂ ಕಡೆ ಏಟು ತಿನ್ನು!" ಎಂದ ನರಸಿಂಹಮೂರ್ತಿ.

ಶನಿವಾರ ಸಂಜೆ ಕಮಿಟಿ ಸೇರಿತು. ಎಲೀಷಪ್ಪ ಕುರ್ಚಿ ಬೇಡವೆಂದು ಗೋಡೆಗೆ ಒರಗಿ ನಿಂತ. ಅವನ ವಿಷಯಕ್ಕೆ ಮೊದಲು ಇನ್ನೊಂದು ವಿಷಯವಿತ್ತು. ಶಿವಮೊಗ್ಗದಲ್ಲಿ ಸಭೆಯವರು ನಡೆಸುವ ಹುಡುಗಿಯರ ಬೋರ್ಡಿಂಗ್ ಶಾಲೆಯಲ್ಲಿ ಒಂದು ಜಾಗ ಖಾಲಿಯಾಗಿತ್ತು. ಅರ್ಜಿ ಹಾಕಿದವರಲ್ಲಿ ಮರ್ಸಿ ಒಬ್ಬಳು. ವಿಧವೆಯ ಮಗಳು, ಪೋಲಿಯೋದಿಂದ ಒಂದು ಕಾಲು ಸೊರಗಿದವಳು, ಎಲೀಷಪ್ಪನ ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಕೈಯೆತ್ತುವವಳು.

"ಗಟ್ಟಿಮುಟ್ಟಾದ ಹುಡುಗಿಗೆ ಕೊಡಿ, ಅಯ್ಯನವರೇ" ಎಂದರು ಪಾದ್ರಿಯ ಕಡೆ ತಿರುಗಿ ಸಭೆಯ ಹಿರಿಯ, ಮರದ ನಾಟಾ ಗುತ್ತಿಗೆದಾರ ಜ್ಞಾನಮುತ್ತು. "ಇವಳು ಓದಿ ಏನ್ ಮಾಡ್ತಾಳೆ? ಗಟ್ಟಿ ಇರೋದು ನಿಲ್ಲುತ್ತೆ, ಉಳಿದದ್ದು ಉದುರುತ್ತೆ. ಪ್ರಪಂಚದ ನಿಯಮ."

ಒಬ್ಬರ ಹುಬ್ಬೂ ಅಲುಗಲಿಲ್ಲ. ಮರ್ಸಿಯ ಅರ್ಜಿಯನ್ನು ಪಕ್ಕಕ್ಕಿಟ್ಟ ಅದೇ ಕೈಯಿಂದ ಜ್ಞಾನಮುತ್ತು ಪೆನ್ನು ಚಾಚಿದರು. "ಏನಪ್ಪಾ ಎಲೀಷಪ್ಪ, ಸಹಿ?"

"ಹಿರಿಯರೇ, ಈಗ ಮರ್ಸಿ ವಿಷಯಕ್ಕೆ ತಾವು ಏನಂದ್ರಿ?"

"ಅದಕ್ಕೂ ಇದಕ್ಕೂ ಏನಯ್ಯಾ ಸಂಬಂಧ?"

"ಸಂಬಂಧ ಇಲ್ಲ, ಅದನ್ನೇ ಹೇಳ್ತಿರೋದು! ಜೀವಗಳು ಹೇಗೆ ಬದಲಾದ್ವು ಅಂತ ಆ ಪುಸ್ತಕದಲ್ಲಿದೆ. ಕಾಲಿಲ್ಲದೋರನ್ನ ಹೊರಗೆ ಹಾಕಿ ಅಂತ ಇಲ್ಲ. ಅದನ್ನ ಹೇಳಿದ್ದು ತಾವು. ಹತ್ತು ವರ್ಷ ನಾನು ಸೈತಾನನ ಬೋಧನೆ ಅಂತ ಮಕ್ಕಳಿಗೆ ಹೇಳಿದ್ದು ತಮ್ಮ ಈ ಮಾತನ್ನೇ, ಹಿರಿಯರೇ. ಅದಕ್ಕೆ ವಿಜ್ಞಾನ ಅಂತ ತಪ್ಪು ಹೆಸ್ರು ಇಟ್ಟಿದ್ದೆ, ಅಷ್ಟೆ."

ಜ್ಞಾನಮುತ್ತುವಿನ ಮುಖ ಕೆಂಪಾಯಿತು. ಪಾದ್ರಿ ಇನ್ನೂ ಎಳೆಯರು, ಊರಿಗೆ ಹೊಸಬರು. ಮೆಲ್ಲಗೆ ಹೇಳಿದರು: "ಹಾಕಿಬಿಡಿ ಎಲೀಷಪ್ಪನೋರೆ. ನಿಮ್ಮ ಶಾಲೆ ಉಳಿಯುತ್ತೆ. ಆಮೇಲೆ ನೋಡ್ಕೊಳ್ಳೋಣ."

ಜ್ಞಾನಮುತ್ತುವಿನ ಸಿಟ್ಟಿಗಿಂತ ಈ ಮೆಲ್ಲನೆಯ ಮಾತೇ ಅವನನ್ನು ಅಲ್ಲಾಡಿಸಿತು. ಮೂವತ್ತು ಮುಖಗಳು ಕಣ್ಣಮುಂದೆ ಬಂದವು. ಪೆನ್ನು ತೆಗೆದುಕೊಂಡ. ಟೈಪಾದ ಸಾಲಿನ ಮೇಲೆ ಗೀಟೆಳೆದು ಕೆಳಗೆ ಬರೆದ: "ಬಲಹೀನರು ಉದುರಲಿ ಎಂಬುದು ದೇವರಿಗೆ ವಿರುದ್ಧವಾದ ಸುಳ್ಳು. ವಿಜ್ಞಾನ ಹಾಗೆ ಹೇಳಿಯೂ ಇಲ್ಲ. ನಾನು ಅದನ್ನು ಮಕ್ಕಳಿಗೆ ಹೇಳುವುದಿಲ್ಲ." ಸಹಿ ಹಾಕಿ ಮೇಜಿನ ನಡುವೆ ಇಟ್ಟ. "ಇದಕ್ಕೆ ತಾವೂ ಹಾಕಿ."

ಯಾರೂ ಪೆನ್ನು ಮುಟ್ಟಲಿಲ್ಲ. ಪಾದ್ರಿ ಕಿಟಕಿಯ ಕಡೆ ನೋಡಿದರು. ಬೋರ್ಡಿಂಗಿನ ಜಾಗ ಇನ್ನೊಂದು ಹುಡುಗಿಗೆ ಹೋಯಿತು, ಸಂಡೇ ಸ್ಕೂಲ್ ಜ್ಞಾನಮುತ್ತುವಿನ ಅಳಿಯನಿಗೆ. ಮರುದಿನ ಅಳಿಯ ಮಕ್ಕಳಿಗೆ ಬಾಯಿಪಾಠ ಮಾಡಿಸಿದ ಬೈಬಲ್ ವಾಕ್ಯ ಬಲಹೀನರನ್ನು ಪರಾಮರಿಸುವವನು ಧನ್ಯನೆಂಬುದೇ ಆಗಿತ್ತಂತೆ. ನಾಚಿಕೆಯೆಂಬುದು ಎಲ್ಲಿ ವಾಸವಾಗಿದೆಯೋ!

ಸೋಮವಾರ ಎಲೀಷಪ್ಪ ರಜೆ ಹಾಕಿದ. ಮರ್ಸಿಯನ್ನೂ ಅವಳ ತಾಯಿಯನ್ನೂ ಶಿವಮೊಗ್ಗದ ಬಸ್ಸು ಹತ್ತಿಸಿ ತಾನೂ ಹತ್ತಿದ. ಹಾಸ್ಟೆಲಿದ್ದ ಒಂದು ಶಾಲೆಯಲ್ಲಿ ಮೆಟ್ಟಿಲು ಜಾಸ್ತಿ ಎಂದರು, ಇನ್ನೊಂದರಲ್ಲಿ ವರ್ಷದ ನಡುವೆ ಆಗುವುದಿಲ್ಲ ಎಂದರು. ಸವಳಂಗ ರಸ್ತೆಯ ಕಡೆಯ ಮೂರನೆಯ ಶಾಲೆಯಲ್ಲಿ ಹೆಡ್‌ಮೇಡಂ ದಾಕ್ಷಾಯಣಿ ಅರ್ಜಿಯ ಹಾಳೆ ಮುಂದೆ ಸರಿಸಿ, "ನೀವು ಹುಡುಗಿಗೆ ಏನಾಗ್ಬೇಕು?" ಎಂದು ಕೇಳಿದರು.

"ಮೇಷ್ಟ್ರು" ಎಂದ ಎಲೀಷಪ್ಪ. ಹೇಳಿದ ಮೇಲೆ ನೆನಪಾಯಿತು, ಈಗ ಅಲ್ಲವಲ್ಲ ಎಂದು. ಬಾಯಿ ತೆರೆದ. ಅಷ್ಟರಲ್ಲಿ ಮರ್ಸಿ, "ಹೌದು ಮೇಡಂ, ನಮ್ ಮೇಷ್ಟ್ರು" ಎಂದಳು.